ಹೊಂಗೆ ಎಲೆಯ ಜೊತೆ ನಡಿಗೆ

ನನಗೆ ಈಜು ಕಲಿಸಿದವರು ನಮ್ಮ ಯಜಮಾನರು. ಆಗ ನನಗೆ ನಲವತ್ತೆರಡು ವರ್ಷ. ಮಂಡಿ ಊದಿಕೊಂಡಿತೆಂದು ಶ್ರೀರಂಗಪಟ್ಟಣದ ಡಾಕ್ಟರ ಹತ್ತಿರ ಹೋಗಿದ್ದೆವು. ಮೈಭಾರ ಮಂಡಿಯ ಮೇಲೆ ಬೀಳದಂಥ ವ್ಯಾಯಾಮ ಮಾಡಿ, ಈಜು ಬಂದರೆ ಇನ್ನೂ ಒಳ್ಳೆಯದು ಅಂದರು ಅವರು. ನಾನು ನಕ್ಕುಬಿಟ್ಟೆ. ಇವರು ನಗಲಿಲ್ಲ. ಅರಕೆರೆಗೆ ವಾಪಸ್ಸು ಬರುವ ಬಸ್ಸಿನಲ್ಲೇ, "ನಾಳಿಂದ ಶುರು ಮಾಡನ ಕಣೇ" ಅಂದರು.

ಸೀರೆಯಲ್ಲಿ ಇಳಿಯಬಾರದು ಎನ್ನುವುದು ಅವರ ಮೊದಲ ಕಟ್ಟಳೆ. ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಸಂತೆಯಿಂದ ಒಂದು ಪ್ಯಾಂಟು ತಂದುಕೊಟ್ಟರು, ಮೇಲಕ್ಕೆ ಅವರದೇ ಹಳೆ ಅಂಗಿ. ಊರ ಪಕ್ಕದ ನಾಲೆಗೆ ಇಳಿಯುವ ಮೆಟ್ಟಿಲು, ಅದೇ ಸೋಪಾನಕಟ್ಟೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಒಂದು ವಾರ ನಕ್ಕರು. "ಏನಕ್ಕ, ಪೊಲೀಸ್ ಕೆಲ್ಸಕ್ಕೆ ಸೇರ್ಕಂಡ್ಯಾ?" ಎಂದು ಕೇಳಿದವಳೇ ಎರಡನೇ ವಾರ ಮೆಲ್ಲಗೆ ಹತ್ತಿರ ಬಂದು, ಪ್ಯಾಂಟು ಯಾವ ಅಂಗಡಿಯದು ಅಂತ ವಿಚಾರಿಸಿದಳು.

ಅವರ ಕಟ್ಟಳೆಗಳು ಬಹಳ. ಮುದ್ದೆ ಉಂಡ ಮೇಲೆ ನೀರಿಗೆ ಇಳಿಯಬಾರದು. ಕಾಲಲ್ಲಿ ಗಾಯವಿದ್ದರೆ ಮಾಯುವ ತನಕ ನಾಲೆ ಕಡೆ ತಲೆ ಹಾಕಬಾರದು. ಮಳೆಗೆ ನೀರು ಕೆಂಪಗಿದ್ದರೆ ಬೇಡವೇ ಬೇಡ. ಈಜಿ ಬಂದ ಮೇಲೆ ತಲೆ ವಾರೆ ಮಾಡಿ ಒಂಟಿ ಕಾಲಲ್ಲಿ ಕುಪ್ಪಳಿಸಿ ಕಿವಿಯ ನೀರು ಇಳಿಸಬೇಕು, ಎಣ್ಣೆ ಬಿಡಬಾರದು. ನನ್ನ ಮಂಡಿಗೆ ಅದು ಕಷ್ಟ, ಅವರ ಹೆಗಲು ಹಿಡಿದುಕೊಂಡು ಕುಪ್ಪಳಿಸುತ್ತಿದ್ದೆ. ಎಲ್ಲಕ್ಕಿಂತ ದೊಡ್ಡದು, ದಡದಲ್ಲಿ ಒಬ್ಬರು ಇರಲೇಬೇಕು.

ಇಳಿಯುವ ಮುಂಚೆ ಎಲೆಯ ಪರೀಕ್ಷೆ. ಸೋಪಾನಕಟ್ಟೆಯಲ್ಲಿ ಒಂದು ಹೊಂಗೆ ಎಲೆ ನೀರಿಗೆ ಬಿಟ್ಟು, ಅದರ ಜೊತೆ ಏರಿಯ ಮೇಲೆ ಕೆಳಗಿನ ಸೇತುವೆಯವರೆಗೆ ನಡೆಯಬೇಕು. ಎಲೆ ಮೊದಲು ಮುಟ್ಟಿದರೆ ನೀರಿನ ಸೆಳೆತ ಜೋರು, ಮನೆಗೆ ಹೋಗಬೇಕು. ಇಬ್ಬರೂ ಒಟ್ಟಿಗೆ ಮುಟ್ಟಿದರೆ ಮರಕ್ಕೆ ಕಟ್ಟಿದ ಹಗ್ಗ ಹಿಡಿದು ಸೊಂಟದ ಮಟ್ಟ ಮಾತ್ರ. ನಾವು ಮೊದಲಾದರೆ ಈಜಬಹುದು. ನಮ್ಮದು ಎದೆಮಟ್ಟದ ಸಣ್ಣ ನಾಲೆ. ಆದರೂ ಹದಿಮೂರು ವರ್ಷ ಒಂದು ದಿನವೂ ಎಲೆ ಬಿಡದೆ ಇಳಿಯಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಬಂದ ದೂರದ ನೆಂಟರು ಕಿವಿಯ ಹತ್ತಿರ ಬಂದು, "ನೀರಲ್ಲೇ ಹೋದ್ರಾ?" ಅಂತ ಕೇಳುತ್ತಿದ್ದರು. ಇಲ್ಲ, ಕುರ್ಚಿಯಲ್ಲಿ ಕೂತು ಟೀವಿ ನೋಡುತ್ತಿದ್ದರು, ಎದೆನೋವು ಬಂತು. ಅಷ್ಟು ಎಚ್ಚರದ ಮನುಷ್ಯ ಕುರ್ಚಿಯನ್ನು ನಂಬಿ ಕೆಟ್ಟರು ಅಂತ ನನಗೇ ಅನಿಸಿ, ಆ ದುಃಖದಲ್ಲೂ ನಗು ಬಂದಿತ್ತು.

ಆಮೇಲೆ ನಾನು ನೀರಿಗೆ ಇಳಿಯಲಿಲ್ಲ. ಮಂಡಿ ಮತ್ತೆ ಊದಿತು, ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಹೀಗೇ ಬಿಟ್ಟರೆ ಕೋಲು ಹಿಡಿಯಬೇಕಾಗುತ್ತದೆ ಅಂದರು ಡಾಕ್ಟರು. ಬಾಬುರಾಯನಕೊಪ್ಪಲಿನಲ್ಲಿರುವ ನನ್ನ ನಾದಿನಿ, ಅಂದರೆ ಇವರ ತಂಗಿ, ಇದನ್ನು ಕೇಳಿ ಚೀಲ ಹಿಡಿದುಕೊಂಡು ಬಂದೇಬಿಟ್ಟಳು. "ದಡದಲ್ಲಿ ನಾನ್ ಕೂತ್ಕತೀನಿ, ನೀನು ಇಳಿ" ಅಂದಳು. ಅವಳಿಗೆ ಈಜು ಬರುವುದಿಲ್ಲ. ಲಾರಿ ಟ್ಯೂಬಿಗೆ ಹಗ್ಗ ಕಟ್ಟಿ ಎಸೆಯುವುದನ್ನು ಒಂದಿಡೀ ಮಧ್ಯಾಹ್ನ ಹಿತ್ತಲಲ್ಲಿ ಅಭ್ಯಾಸ ಮಾಡಿದಳು. ಎರಡು ಸಲ ಕರುವಿನ ಕೊರಳಿಗೆ ಬಿತ್ತು.

ಮಾರನೆಯ ಬೆಳಿಗ್ಗೆ ಎಲೆ ಬಿಟ್ಟು ನಡೆದೆ. ನಾನು ಅರ್ಧ ದಾರಿಯಲ್ಲಿದ್ದಾಗಲೇ ಎಲೆ ಸೇತುವೆಯಡಿ ನುಸುಳಿಹೋಯಿತು. ಮನೆಗೆ ಬಂದೆವು. ಎರಡನೇ ದಿನವೂ ಹಾಗೆಯೇ. ಮೂರನೇ ದಿನವೂ ಎಲೆಯೇ ಗೆದ್ದಾಗ ನಾನು, "ಈ ವರ್ಷ ನೀರೇ ಜೋರು ಕಣವ್ವ" ಅಂದೆ.

ನಾದಿನಿ ಟ್ಯೂಬನ್ನು ಕೆಳಗಿಟ್ಟಳು. "ನೀರು ಅಂಗೇ ಅದೆ ಕಣತ್ಗೆ. ನೀನು ಮೆತ್ತಗಾಗ್ಬುಟ್ಟಿದ್ದೀಯ."

ಅವಳು ಇನ್ನೊಂದು ಎಲೆ ಕಿತ್ತು ನೀರಿಗೆ ಬಿಟ್ಟು, ತಾನೇ ನಡೆದಳು. ಎಲೆಗಿಂತ ಎಷ್ಟೋ ಮೊದಲೇ ಸೇತುವೆ ಮುಟ್ಟಿ, "ನೋಡು" ಎನ್ನುವಂತೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ನೀನು ಬಸ್ಸು ತಪ್ಪೋಯ್ತದೆ ಅನ್ನಂಗೆ ನಡೀತೀಯ. ಅದು ಲೆಕ್ಕಕ್ಕಿಲ್ಲ" ಅಂದೆ.

"ನೀನು ಹೆಣದ ಹಿಂದೆ ಹೋಗೋರಂಗೆ ನಡೀತೀಯ. ಅದು ಲೆಕ್ಕಕ್ಕುಂಟಾ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಸತ್ತವರು ಅವಳ ಅಣ್ಣನೂ ಹೌದಲ್ಲ. ನಾನು ಮೊದಲು ನಕ್ಕೆ, ಆಮೇಲೆ ಅವಳು. ಇಬ್ಬರೂ ಏರಿಯ ಮೇಲೆ ಕೂತು ಕಣ್ಣೊರೆಸಿಕೊಂಡೆವು. ಬಟ್ಟೆ ಒಗೆಯುವವರು ತಲೆಯೆತ್ತಿ ನೋಡಿದರು.

ಯೋಚಿಸಿದರೆ ಅವಳ ಮಾತು ನಿಜ. ನಾನು ಇವರ ಪಕ್ಕದಲ್ಲಿ ನಡೆಯುತ್ತಿದ್ದವಳು. ಅವರ ಉದ್ದ ಹೆಜ್ಜೆಗೆ ಸಮನಾಗಲು ಸ್ವಲ್ಪ ಬಿರುಸಾಗಿಯೇ ಕಾಲು ಹಾಕುತ್ತಿದ್ದೆ. ಒಬ್ಬಳೇ ಆದ ಮೇಲೆ ಯಾರಿಗೂ ಸಮನಾಗಬೇಕಿರಲಿಲ್ಲ. ಊದಿದ ಮಂಡಿ ಬೇರೆ. ಆದರೂ ಎಲೆಯ ಪರೀಕ್ಷೆ ಇಲ್ಲದೆ ಇಳಿಯೋಣ ಅಂತ ನನಗೆ ಅನಿಸಲಿಲ್ಲ. ಅಷ್ಟು ದೂರ ಅಷ್ಟು ಬೇಗ ನಡೆಯಲಾಗದ ಕಾಲು ನೀರಿನಲ್ಲಿ ಏನು ಮಾಡೀತು? ಎಲೆ ನೀರನ್ನು ಮಾತ್ರವಲ್ಲ, ನಮ್ಮನ್ನೂ ಅಳೆಯುತ್ತಿತ್ತು ಎಂಬುದು ನನಗೆ ಗೊತ್ತಾಗಿದ್ದು ಅವತ್ತು.

ಎಂಟು ದಿನ ನಾದಿನಿಯ ಜೊತೆ ಏರಿಯ ಮೇಲೆ ಬರೀ ನಡೆದೆ. ಅವಳು ಮುಂದೆ, ಟ್ಯೂಬು ಅವಳ ಹೆಗಲ ಮೇಲೆ, ಹಿಂದೆ ನಾನು. ಒಂಬತ್ತನೇ ದಿನ ಎಲೆಯೂ ನಾನೂ ಒಟ್ಟಿಗೆ ಸೇತುವೆ ಮುಟ್ಟಿದೆವು. ಎಲೆ ಒಂದು ಗೇಣು ಮುಂದಿತ್ತು ಅಂತ ಅವಳು ವಾದಿಸಿದಳು. ಒಂದು ಗೇಣು ಲೆಕ್ಕಕ್ಕಿಲ್ಲ ಅಂದು ನಾನು ಕಟ್ಟಳೆಯಂತೆ ಹಗ್ಗ ಹಿಡಿದು ಸೊಂಟದ ಮಟ್ಟ ಇಳಿದೆ. ನೀರು ತಣ್ಣಗಿತ್ತು. ಮಂಡಿಯ ಮೇಲಿನ ಭಾರ ಯಾರೋ ಇಳಿಸಿಕೊಂಡಂತೆ ಹಗುರವಾಯಿತು. ಒಂದೇ ಒಂದು ಸಲ ಮುಳುಗಿ ಎದ್ದೆ.

"ಸೊಂಟ ಅಂದ್ರೆ ಸೊಂಟ. ತಲೆ ಯಾಕೆ ಮುಳುಗ್ಸ್ದೆ?" ಅಂತ ದಡದಿಂದ ಬೈದಳು. ಥೇಟ್ ಅವಳ ಅಣ್ಣನ ದನಿ.

ಮೇಲೆ ಬಂದು, ಅವಳ ಹೆಗಲು ಹಿಡಿದುಕೊಂಡು, ಒಂಟಿ ಕಾಲಲ್ಲಿ ಕುಪ್ಪಳಿಸಿ ಕಿವಿಯ ನೀರು ಇಳಿಸಿದೆ. ಅವಳ ಹೆಗಲು ಸ್ವಲ್ಪ ತಗ್ಗು, ಬಗ್ಗಬೇಕಾಯಿತು.