ದವಾಖಾನೆ ಚೀನಿ ಕಟ್ಟಿಕೊಂಡು ಬ್ಯಾಡಗಿಗೆ

ಬ್ಯಾಡಗಿ ಬಸ್ಸು ಹಾವೇರಿ ನಿಲ್ದಾಣದಿಂದ ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಾನು ಕೆಲಸ ಹುಡುಕಿಕೊಂಡು ಮಾಡಿದ ಪ್ರಯಾಣಗಳೆಲ್ಲ ಹೀಗೇ. ಹೋಗಿದ್ದಕ್ಕೂ ಶೂನ್ಯ, ಬಂದಿದ್ದಕ್ಕೂ ಶೂನ್ಯ. ಈ ಸಲವಾದರೂ ಬೇರೆ ಆಗಲಿ ಎಂದುಕೊಂಡು ಕಿಟಕಿ ಪಕ್ಕ ಕುಳಿತೆ.

ಹೊರಟಿದ್ದು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗೆ. ಅಂಗಡಿಯ ಗುರುಪಾದಪ್ಪ ಸಾವಕಾರರ ಮಾಲು ನೋಡಲು ಚೀನಾದಿಂದ ಚೆನ್ ಎಂಬ ಖರೀದಿದಾರ ಬಂದಿದ್ದ. ಹಿಂದಿನ ದಿನ ಇಬ್ಬರೂ ಮೊಬೈಲಿನ ಅನುವಾದ ನಂಬಿ ಮಾತಾಡಲು ಹೋಗಿ ಸೋತಿದ್ದರು. ಬ್ಯಾಡಗಿಯ ಮಾತು ಆ ಮೊಬೈಲಿಗೆ ಹತ್ತಲಿಲ್ಲ. ನಮ್ಮ ಅಬ್ಬಾನ ಬಳೆ ಅಂಗಡಿಗೆ ಬರುವ ಯಾರೋ ನನ್ನ ಹೆಸರು ಹೇಳಿದರು. ಒಂದು ದಿನ ಮಾತು ನಡೆಸಿಕೊಡಬೇಕು, ಚೆನ್ ಪ್ರತಿ ಹಂಗಾಮಿಗೂ ಬರಲು ಒಪ್ಪಿದರೆ ನನ್ನನ್ನು ಕಾಯಂ ಇಟ್ಟುಕೊಳ್ಳುವುದು ಎಂದು ಸಾವಕಾರರು ಫೋನಿನಲ್ಲಿ ಹೇಳಿದ್ದರು. ಅಬ್ಬಾ ನಸುಕಿನಲ್ಲೇ ಎದ್ದು ನನ್ನ ಚಪ್ಪಲಿ ಒರೆಸಿಟ್ಟಿದ್ದ. ಅದನ್ನು ನೋಡಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ನಾನು ಚೀನಾಕ್ಕೆ ಹೋಗಿದ್ದು ಡಾಕ್ಟರಾಗಲು. ಅರ್ಧ ಓದಿ ರಜೆಗೆ ಊರಿಗೆ ಬಂದಾಗ ರೋಗ ಬಂದು ಲೋಕವೇ ಬಾಗಿಲು ಹಾಕಿತು. ಉಳಿದರ್ಧ ಹಾವೇರಿಯ ನಮ್ಮ ಅಟ್ಟದ ಮೇಲೆ ಮೊಬೈಲಿನಲ್ಲಿ ಮುಗಿಯಿತು. ಪದವಿ ಬಂತು. ಆದರೆ ಇಲ್ಲಿ ರೋಗಿಯ ಕೈ ಹಿಡಿಯಬೇಕಾದರೆ ಇನ್ನೊಂದು ಪರೀಕ್ಷೆ ಪಾಸಾಗಬೇಕು, ಅದು ಮೂರು ಸಲವೂ ಕೈಕೊಟ್ಟಿತು. ಓಣಿಯವರು ಮಾತ್ರ ಬಿಡದೆ ‘ಡಾಕ್ಟರ್‌ಬಾಯಿ’ ಎನ್ನುತ್ತಾರೆ. ಡಾಕ್ಟರು ಹೆಸರಿಗೆ, ಉಳಿದದ್ದು ಬರೀ ಬಾಯಿ. ಆ ಬಾಯಲ್ಲಿ ಉಳಿದಿದ್ದ ಚೀನಿ ಹೊಟ್ಟೆಗಾದರೂ ಆದೀತೇ ಎಂದು ನೋಡಲು ಹೊರಟಿದ್ದೆ.

ಮೋಟೆಬೆನ್ನೂರು ಬರುವವರೆಗೆ ಮಾತು ನೆನಪಿಸಿಕೊಂಡೆ. ಕಾಲೇಜಿನ ಚೀನಿ ಪುಸ್ತಕದಲ್ಲಿ ಒಂದೊಂದು ಪ್ರಸಂಗಕ್ಕೆ ಒಂದೊಂದು ಪಾಠವಿತ್ತು: ಪೇಟೆಯಲ್ಲಿ, ರೈಲು ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ. ವಾರ್ಡಿಗೆ ಹೋಗುವವರಿಗೆ ಪೇಟೆ ಪಾಠ ಯಾಕೆ ಎಂದು ನಾವು ಅದನ್ನು ಹಾರಿಸಿದ್ದೆವು. ಹಾಗಾಗಿ ನನಗೆ ಬರುವುದು ರೋಗಿಗಳ ಚೀನಿ. ‘ನಾಲಿ ಥಂಗ್’, ಎಲ್ಲಿ ನೋವು. ‘ಜಿ ಥ್ಯೆನ್ ಲ’, ಎಷ್ಟು ದಿನ ಆಯಿತು. ‘ಛೂ ಹಾನ್’, ಬೆವರು. ‘ಮೇ ಶಿರ್’, ಏನೂ ಆಗಿಲ್ಲ, ಹೆದರಬೇಡಿ.

ಇನ್ನೊಂದು ಮಾತನ್ನು ಬೈಸಿಕೊಂಡು ಕಲಿತಿದ್ದೆ. ಗುಣವಾಗಿ ಮನೆಗೆ ಹೊರಟ ಮುದುಕಿಯೊಬ್ಬಳಿಗೆ ನಾನು ‘ತ್ಸಾಯ್ ಚಿಯೆನ್’ ಅಂದಿದ್ದೆ. ಮತ್ತೆ ಭೇಟಿಯಾಗೋಣ ಎಂದು ಅರ್ಥ. ನರ್ಸು ನನ್ನನ್ನು ಪಕ್ಕಕ್ಕೆ ಎಳೆದು ಬೈದಳು. ಆಸ್ಪತ್ರೆಯಲ್ಲಿ ಹಾಗೆ ಹೇಳಿದರೆ ಮತ್ತೆ ಕಾಯಿಲೆ ಬೀಳು ಎಂದಂತೆ. ‘ಮಾನ್ ತ್ಸೋ’ ಅನ್ನಬೇಕು, ನಿಧಾನ ಹೋಗಿ ಎಂದು, ಅಷ್ಟೇ. ನಾನು ನಕ್ಕುಬಿಟ್ಟೆ. ನಮ್ಮಲ್ಲೂ ಇದೇ ಅಲ್ಲವೇ? ಯಾರ ಮನೆಯಿಂದ ಹೊರಟರೂ ‘ಬರ್ತೇನಿ’ ಅನ್ನಬೇಕು, ಮನೆಯ ಉರ್ದುವಿನಲ್ಲಾದರೆ ‘ಜಾಕೆ ಆತೂಂ’. ‘ಹೋಗ್ತೇನಿ’ ಅಂದರೆ ಅಮ್ಮೀ ಬಾಯಿ ಮೇಲೆ ಹೊಡೆಯುತ್ತಿದ್ದಳು. ಆದರೆ ಸತ್ತವರ ಮನೆಯಿಂದ, ದವಾಖಾನೆಯಿಂದ ಏಳುವಾಗ ‘ಬರ್ತೇನಿ’ ಅನ್ನುವಂತಿಲ್ಲ, ಸುಮ್ಮನೆ ಎದ್ದು ಬರಬೇಕು.

ಬ್ಯಾಡಗಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಬಸ್ಸು ಊರು ಹೊಕ್ಕಿದ್ದೇ ಅರ್ಧ ಜನ ಸೀನಿದರು. ಅವತ್ತು ಸೋಮವಾರ, ಪೇಟೆಯ ದಿನ. ಎಲ್ಲಿ ನೋಡಿದರೂ ಚೀಲ, ಚೀಲದ ಬಾಯಲ್ಲಿ ಕೆಂಪು. ಈ ಬ್ಯಾಡಗಿ ಕಾಯಿ ಬ್ಯಾಡಗಿಯಲ್ಲಿ ಬೆಳೆಯುವುದು ಈಗ ಕಡಿಮೆ. ಬಳ್ಳಾರಿ, ರಾಯಚೂರು ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಎಲ್ಲೋ ಬೆಳೆದು ಬಂದ ಅದಕ್ಕೆ ಊರು ತನ್ನ ಹೆಸರು ಕೊಟ್ಟು ತಲೆ ಮೇಲೆ ಹೊತ್ತುಕೊಂಡಿದೆ. ಎಲ್ಲೋ ಓದಿ ಬಂದವಳಿಗೆ ಅಂಥ ಭಾಗ್ಯವಿಲ್ಲ.

ಗುರುಪಾದಪ್ಪ ಸಾವಕಾರರು ಅರವತ್ತು ದಾಟಿದ, ಬಿಳಿ ಅಂಗಿ ಧೋತರದ ಮನುಷ್ಯ. “ಬಾರವಾ ಡಾಕ್ಟರ್‌ಬಾಯಿ, ಕುಂದ್ರು, ಚಾ ಕುಡಿ” ಎಂದು ಬಾಯ್ತುಂಬ ಕರೆದರು. ಚೆನ್ ಐವತ್ತರ ಆಸುಪಾಸಿನ, ಸೊರಗಿದ ಮುಖದವನು. ಉಂಡಿರಾ ಎಂದು ಅವನ ಭಾಷೆಯಲ್ಲಿ ಕೇಳಿದೆ. ಅಲ್ಲಿಯೂ ಕುಶಲ ಕೇಳುವುದು ಹಾಗೆಯೇ. ಅವನ ಮುಖ ಅರಳಿತು, ಒಂದೇ ಉಸಿರಿಗೆ ಹತ್ತು ಮಾತು ಆಡಿದ. ನನಗೆ ನಾಲ್ಕು ತಿಳಿದವು.

ಕೆಲಸ ಶುರುವಾಯಿತು. ಕೊಯ್ದು ಎಷ್ಟು ದಿನವಾಯಿತು ಎಂಬ ಪ್ರಶ್ನೆಗೆ ರೋಗಿಯ ಜ್ವರದ ಮಾತೇ ಸಾಕಾಯಿತು. ತೊಟ್ಟಿಗೆ ಪದ ಗೊತ್ತಿರಲಿಲ್ಲ, ಕುತ್ತಿಗೆ ಅಂದೆ. ಬಣ್ಣಕ್ಕೆ ರಕ್ತದ ಹೋಲಿಕೆ ಕೊಟ್ಟೆ. ಚೆನ್ ಬಿದ್ದು ಬಿದ್ದು ನಕ್ಕ, ಸಾವಕಾರರೂ ನಕ್ಕರು. ನಾನೂ ನಕ್ಕೆ. ಒಂದು ತಾಸಿನ ಮಟ್ಟಿಗೆ ನನಗೆ ಸುಖವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎಷ್ಟೋ ದಿನದ ಮೇಲೆ ಯಾರೋ ನನ್ನ ಬಾಯಿಂದ ಬರುವ ಮಾತಿಗಾಗಿ ಕಾಯುತ್ತಿದ್ದರು.

ಆಮೇಲೆ ಒಳಗಿನ ಸಾಲಿನ ಚೀಲಗಳ ಹತ್ತಿರ ಹೋದೆವು. ಚೆನ್ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಚೆನ್ನಾಗಿ ಒಣಗಿದ ಕಾಯಿಯೊಳಗೆ ಬೀಜ ಗಿಲಗಿಲ ಅನ್ನಬೇಕು. ಇದು ಮಾತಾಡಲಿಲ್ಲ. ಮಡಿಸಿದ, ಮುರಿಯದೆ ಬಾಗಿತು. ಚೀಲದ ಬುಡಕ್ಕೆ ಕೈ ಹಾಕಿ ನೋಡಿ ನನ್ನ ಕಡೆ ತಿರುಗಿದ. ತೂಕಕ್ಕಾಗಿ ನೀರು ಹೊಡೆದಿದ್ದಾರೆ ಎಂಬುದು ನನಗೂ ತಿಳಿಯಿತು.

“ಮಂಜ ಬಿದ್ದೈತಿ ಅಂತ ಹೇಳವಾ, ರಾತ್ರಿ ಮಂಜ” ಎಂದರು ಸಾವಕಾರರು ನನ್ನ ಕಿವಿಯಲ್ಲಿ.

ಮಂಜಿಗೆ ನನ್ನಲ್ಲಿ ಪದವಿರಲಿಲ್ಲ. ಇದ್ದಿದ್ದು ಬೆವರು. ಕಾಯಿ ಬೆವರಿದೆ ಅಂದೆ. ಯಾಕೆ ಬೆವರಿದೆ, ಕಾಯಿಲೆಯೇ ಎಂದು ಚೆನ್ ಕೇಳಿದ. ಈಗ ಅವನು ನಗುತ್ತಿರಲಿಲ್ಲ. ಸಾವಕಾರರ ಕಣ್ಣು ನನ್ನ ಮೇಲಿತ್ತು. ಒರೆಸಿಟ್ಟ ಚಪ್ಪಲಿ ನೆನಪಾಯಿತು. “ಮೇ ಶಿರ್” ಅಂದೆ. ಏನೂ ಆಗಿಲ್ಲ, ಹೆದರಬೇಡಿ. ನೀರು ಹೊಡೆದ ಕೈ ಅವರದು, ಸುಳ್ಳು ಹೇಳಿದ ಬಾಯಿ ನನ್ನದು.

ಚೀನಿ ಎಲ್ಲಿ ಕಲಿತೆ ಎಂದು ಚೆನ್ ಕೇಳಿದ. ಆಸ್ಪತ್ರೆಯಲ್ಲಿ ಅಂದೆ. ಅವನು ಕಾಯಿಯನ್ನು ಚೀಲಕ್ಕೆ ಹಾಕಿ, ಕೈ ಒರೆಸಿಕೊಂಡು, ನಿಧಾನವಾಗಿ ನನಗೆ ತಿಳಿಯುವ ಹಾಗೆ ಹೇಳಿದ. ತನ್ನ ತಾಯಿಗೂ ಡಾಕ್ಟರು ಕೊನೆಯ ದಿನದವರೆಗೆ ಇದೇ ಮಾತು ಹೇಳುತ್ತಿದ್ದನಂತೆ. ಇದನ್ನು ನಾನು ಸಾವಕಾರರಿಗೆ ಅನುವಾದಿಸಲಿಲ್ಲ. ಅವರು ಕೇಳಲೂ ಇಲ್ಲ.

ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹೊರಗೆ ಬಿಸಿಲು ಏರಿತ್ತು. ಚೆನ್ ಮರ್ಯಾದೆಯಿಂದ ಉಂಡ, ರೊಟ್ಟಿ ಹೊಗಳಿದ, ಮೆಣಸಿನಕಾಯಿಯ ಮಾತೆತ್ತಲಿಲ್ಲ. ಸಾವಕಾರರು ದರ ಹೇಳಿದರು, ನಾನು ಚೀನಿಗೆ ತಿರುಗಿಸಿದೆ, ಅವನು ತಲೆಯಾಡಿಸಿದ. ಅವರಿಗೆ ಅದು ಹೌದು ಅನ್ನಿಸಿತು. ಇನ್ನೆರಡು ರೊಟ್ಟಿ ತರಿಸಿದರು.

ಅವನಿಗೆ ಬೆಂಗಳೂರಿನಿಂದ ರಾತ್ರಿಯ ವಿಮಾನ. ಬಾಡಿಗೆ ಕಾರಿನಲ್ಲಿ ರಾಣೆಬೆನ್ನೂರಿನವರೆಗೆ ನಾವೂ ಜೊತೆಗೆ ಹೋದೆವು. ಅಲ್ಲಿ ಸಾವಕಾರರಿಗೆ ಬೀಗರ ಮನೆಯಲ್ಲಿ ಕೆಲಸವಿತ್ತು, ನನಗೆ ಹಾವೇರಿ ಬಸ್ಸು. ದಾರಿಯುದ್ದಕ್ಕೂ ಸಾವಕಾರರು ಮುಂದಿನ ಹಂಗಾಮಿನ ಮಾತಾಡಿದರು. ನನಗೆ ಅಂಗಡಿಯಲ್ಲಿ ಒಂದು ಮೇಜು, ಕುರ್ಚಿ, ಫ್ಯಾನು ಎಲ್ಲವೂ ಆ ಅರ್ಧ ತಾಸಿನಲ್ಲಿ ಬಂದುಹೋದವು. ನನ್ನ ಪಕ್ಕದಲ್ಲಿ ಚೆನ್ ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದ.

ರಾಣೆಬೆನ್ನೂರು ಬಸ್ ನಿಲ್ದಾಣದ ಎದುರು ಇಳಿದೆವು. ನಾನು ಕಿಟಕಿಗೆ ಬಾಗಿ ‘ತ್ಸಾಯ್ ಚಿಯೆನ್’ ಅಂದೆ. ಬೇಕೆಂದೇ ಅಂದೆ, ಅವನ ಬಾಯಿಂದಲೂ ಅದು ಬರಲಿ ಎಂದು. ಒಂದು ಮಾತು, ಅಷ್ಟೇ ಬೇಕಾಗಿತ್ತು. ಚೆನ್ ನನ್ನ ಮುಖ ನೋಡಿದ. ಆಸ್ಪತ್ರೆಯಲ್ಲಿ ಕಲಿತವಳಿಗೆ ಇದು ಗೊತ್ತಿರಬೇಕಲ್ಲ ಎಂದು ಮೆತ್ತಗೆ ಹೇಳಿ, “ಮಾನ್ ತ್ಸೋ” ಅಂದ. ಕಾರು ಹೋಯಿತು.

“ಏನಂದ?” ಎಂದರು ಸಾವಕಾರರು.

“ಸಾವಕಾಶ ಹೋಗ್ರಿ ಅಂದ್ರು.”

“ಸಾವಕಾಶ ಆಗ್ಲಿ, ನಮಗೇನ್ ಅವಸರ ಐತಿ? ಬರ್ತಾನ ಅಂದಂಗಾತು.”

“ಬರಂಗಿಲ್ರಿ ಅವ್ರು” ಅಂದೆ. ಕಾಯಿಗೆ ನೀರು ಹೊಡೆದಿದ್ದು ಚೆನ್‌ಗೆ ಗೊತ್ತಾಗಿದೆ ಎಂದೂ ಹೇಳಿದೆ.

ಅಷ್ಟು ಖರೇ ಮಾತನ್ನು ಆ ದಿನ ನಾನು ಯಾವ ಭಾಷೆಯಲ್ಲೂ ಆಡಿರಲಿಲ್ಲ. ಸಾವಕಾರರು ನಕ್ಕರು. “ನಿಂದು ದವಾಖಾನಿ ಚೀನಿ. ವ್ಯಾಪಾರದ ಮಾತು ನಿನಗೇನ್ ತಿಳೀತೈತವಾ? ಅವಂದು ಫೋನ್ ಬಂದ್ ಮ್ಯಾಲೆ ನಾನ ಹೇಳಿ ಕಳಸ್ತೇನಿ.” ಬೆಳಿಗ್ಗೆಯಿಂದ ಅದೇ ಚೀನಿಯಲ್ಲಿ ತಮ್ಮ ಸುಳ್ಳು ಸಾಗಿಸಿದವರು. ಸುಳ್ಳಿಗೆ ಸಾಕಾಗಿದ್ದ ಭಾಷೆ ನಿಜಕ್ಕೆ ಸಾಲದಾಯಿತು.

ಹಾವೇರಿ ಬಸ್ಸು ಹೊರಟು ನಿಂತಿತ್ತು. “ಹೋಗ್ತೇನ್ರಿ” ಅಂದೆ.

ಅವರ ಮುಖ ಸಣ್ಣಗಾಯಿತು. ನನ್ನ ಮಾತಿನಲ್ಲಿ ಅವರನ್ನು ತಟ್ಟಿದ್ದು ಅದೊಂದೇ. “ಹಂಗ ಅನಬಾರದವಾ. ಬರ್ತೇನಿ ಅನ್ನು.”

ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದೆ.

“ನಾ ದವಾಖಾನ್ಯಾಗ ಕಲ್ತಾಕಿರಿ” ಅಂದೆ. “ಅಲ್ಲಿ ಬರ್ತೇನಿ ಅನ್ನಂಗಿಲ್ಲ.”