ಆಂಟೆನಾದ ವೈರಿಗೆ ಬಿದ್ದ ಕತ್ತರಿ

ಹೆಡ್‌ಫೋನಿನಲ್ಲಿ ‘ಪೀಂ, ಪೀಂ’ ಎಂದು ಎರಡು ಸಲ ಕೇಳಿದ ಸದ್ದು ಥಟ್ಟನೆ ಸತ್ತುಹೋಯಿತು. ಬೆಳಿಗ್ಗೆ ಹಾರಿದ ರಾಕೆಟ್ ಆಕಾಶದಲ್ಲಿ ಬಿಟ್ಟ ಪುಟ್ಟ ಉಪಗ್ರಹ ಮೊದಲ ಸಲ ನಮ್ಮ ಸೋಮನೂರಿನ ಮೇಲೆ ಹಾಯುತ್ತಿತ್ತು. ಅದರ ದನಿ ಹಿಡಿಯಲೆಂದೇ ಮಹಡಿಯ ಮೇಲೆ ಆಂಟೆನಾ ಕಟ್ಟಿದ್ದೆ. ಮೇಲೆ ಓಡಿಹೋಗಿ ನೋಡಿದರೆ, ಪಕ್ಕದ ಶೆಡ್ಡಿನಲ್ಲಿ ಕರೆಂಟ್ ಮಗ್ಗ ನಡೆಸುವ ಚಿಕ್ಕಪ್ಪ ಅದರ ವೈರು ತುಂಡರಿಸಿ, ಕತ್ತರಿ ಹಿಡಿದೇ ನಿಂತಿದ್ದರು. ತಮಿಳು ಬೆರೆತ ನಮ್ಮೂರ ಕನ್ನಡದಲ್ಲಿ ರೇಗಿದರು:

“ಈ ಕಂಬಿ ಬಂದಾಗಿಂದ ತಾನ್ ನಮ್ಮ ಮಗ್ಗದಲ್ಲಿ ನೂಲು ಸುಮ್ಮಾ ಸುಮ್ಮಾ ಕಿತ್ತೋಗ್ತಾ ಇದೆ. ಹೆಣ್ಣುಮಗಳು, ನಿಂಗೆ ರಾಕೆಟ್ಟು ಎದುಕ್ಕಮ್ಮಾ?”

“ಚಿಕ್ಕಪ್ಪಾ, ಇದು ಬರೋ ಸದ್ದನ್ನ ಹಿಡಿಯುತ್ತೆ ಅಷ್ಟೇ. ಏನನ್ನೂ ಹೊರಗೆ ಬಿಡೋದಿಲ್ಲ!” ಎಂದು ಕಿರುಚಿದೆ. ಅವರು ಕಿವಿಗೇ ಹಾಕಿಕೊಳ್ಳದೆ ಇಳಿದುಹೋದರು. ನಾನು ಬೇರೆ ವೈರು ಹುಡುಕುವಷ್ಟರಲ್ಲಿ ಉಪಗ್ರಹ ದಾಟಿಹೋಗಿತ್ತು. ನಿಜ ಹೇಳಬೇಕೆಂದರೆ ತೊಂದರೆ ಕೊಡುವುದು ಅವರ ಮಗ್ಗದ ಮೋಟಾರುಗಳೇ. ದಿನವೂ ನನ್ನ ರೇಡಿಯೊದಲ್ಲಿ ಕರಕರ ಎನ್ನುತ್ತವೆ. ಒಂದು ದಿನವಾದರೂ ನಾನು ಅವರ ಕರೆಂಟ್ ವೈರಿಗೆ ಕತ್ತರಿ ಹಾಕಿದ್ದೇನೆಯೇ?

ಆ ಮೊದಲ ದನಿ ಪೂರ್ತಿಯಾಗಿ ನನಗಿನ್ನು ಸಿಗುವುದಿಲ್ಲ. ಆಂಟೆನಾ ಸತ್ತು ಬಿದ್ದಿದ್ದ ಆ ಮಧ್ಯಾಹ್ನವೂ ಚಿಕ್ಕಪ್ಪನ ಮಗ್ಗದಲ್ಲಿ ನೂಲು ಕಿತ್ತುಹೋಯಿತು. ಶೆಡ್ಡಿನಿಂದ ಬೈಗುಳ ಕೇಳಿಸಿತು; ಈ ಸಲ ಯಾರನ್ನು ಬೈಯುತ್ತಿದ್ದರೋ, ಕೇಳಲು ನಾನು ಹೋಗಲಿಲ್ಲ.