ಮನೇಲಿ ಕೇಳಿ ಹೇಳ್ತೀನಿ
ಅಂಚೆ ಕಚೇರಿಯಿಂದ ನಿವೃತ್ತರಾದ ಸುಲೋಚನಮ್ಮ ಶನಿವಾರ ಬಂತೆಂದರೆ ಚಾಮರಾಜಪೇಟೆಯ ಮರಿಯಣ್ಣನ ಗ್ರಾಮಫೋನ್ ಅಂಗಡಿಯಲ್ಲಿರುತ್ತಿದ್ದರು. ಊರೆಲ್ಲ ಸೀಡಿಯ ಬೆನ್ನು ಹತ್ತಿದ್ದ ಕಾಲದಲ್ಲಿ ಅವರು ಹಳೆಯ ರೆಕಾರ್ಡುಗಳನ್ನು ಒಂದೊಂದಾಗಿ ಎಳೆದು, ಸೆರಗಿನಿಂದ ಧೂಳೊರೆಸಿ, ಹಾಕಿಸಿ ಕೇಳಿ, ಪ್ಲೇಯರಿನ ಮುಳ್ಳು ಎಷ್ಟು ದಿನ ಬಾಳುತ್ತೆ, ಕರೆಂಟು ಎಷ್ಟು ಎಳೆಯುತ್ತೆ ಎಂದೆಲ್ಲ ವಿಚಾರಿಸಿ, ಕೊನೆಗೆ "ಮನೇಲಿ ಕೇಳಿ ಹೇಳ್ತೀನಿ" ಎಂದು ಕೊಡೆ ಎತ್ತಿಕೊಂಡು ಹೊರಡುತ್ತಿದ್ದರು. ವರ್ಷ ಕಳೆದರೂ ಮನೆಯಿಂದ ಉತ್ತರ ಬರಲಿಲ್ಲ. "ನಾನೇ ಬಂದು ಹಾಕಿ ತೋರಿಸ್ತೀನಿ ಅಮ್ಮಾ, ಮನೆಯವ್ರೂ ಕೇಳ್ಲಿ" ಎಂದು ಮರಿಯಣ್ಣ ಒಂದು ದಿನ ಪ್ಲೇಯರನ್ನು ಆಟೋದಲ್ಲಿ ಹಾಕಿಕೊಂಡು ಅವರ ಜೊತೆಯಲ್ಲೇ ಎನ್.ಆರ್. ಕಾಲೋನಿಯ ಮನೆಗೆ ಬಂದ. ಬೀಗ ತೆಗೆದು ಒಳಗೆ ಹೋದರೆ ಮನೆಯಲ್ಲಿ ಯಾರೂ ಇಲ್ಲ. "ನಮ್ಮಣ್ಣಂಗೆ ಸದ್ದು ಆಗಿಬರ್ತಿರ್ಲಿಲ್ಲ" ಎಂದರು ಸುಲೋಚನಮ್ಮ, ನೆಲ ನೋಡುತ್ತ. "ಅವ್ನು ಹೋಗಿ ಎಷ್ಟೋ ವರ್ಷ ಆಯ್ತು. ಈಗ್ಲೂ ಕೇಳ್ದೆ ಏನೂ ಮಾಡೋಕೆ ಬರಲ್ಲ ನಂಗೆ." ಮರಿಯಣ್ಣ ರೆಕಾರ್ಡ್ ಹಾಕಿ, ದನಿ ಸಣ್ಣಗಿಟ್ಟ. ಅವರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಹತ್ತಿರ ಬಂದು, ಯಾರನ್ನೂ ಕೇಳದೆ, ತಾವೇ ದನಿ ಹೆಚ್ಚಿಸಿದರು.